ಹಲ್ಲಿನ ಗುರುತು

ಶನಿವಾರ ಮೂರೂವರೆಗೆ
ಕುಂಬಳೆಯ ರೇಷನ್ ಅಂಗಡಿಯ ಮಾಳಿಗೆಯಲ್ಲಿ
ಚಾಪೆ ಬಿಡಿಸುತ್ತೇನೆ.
ಕೆಳಗೆ ಕುಚ್ಚಲಕ್ಕಿಯ ಗೋಣಿ, ಸೀಮೆಎಣ್ಣೆಯ ವಾಸನೆ.
ಮೇಲೆ ವಾಚನಾಲಯ,
ಬಾಗಿಲಲ್ಲಿ ಹದಿನಾಲ್ಕು ಜೊತೆ ಚಪ್ಪಲಿ,
ಒಂಬತ್ತು ನನ್ನ ಅಂಗೈಗಿಂತ ಚಿಕ್ಕವು.

"ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ,
ಮಗುವಿಗೆ ಹೊತ್ತು ಕೊಡಿ"
ಎಂದಿದ್ದರು ತರಬೇತಿಯಲ್ಲಿ.
ನನಗೆ ಎರಡರಾಚೆ ತಾಳ್ಮೆ ಇರಲಿಲ್ಲ.
ಕಿಟಕಿ ಗಡಗಡ ಅನ್ನುವಾಗ ಕಥೆ ನಿಲ್ಲಿಸಲೇಬೇಕು:
ಮಂಗಳೂರಿನ ರೈಲಿಗೆ
ಇಪ್ಪತ್ತೆರಡು ಬೋಗಿ.
ಅದು ದಾಟುವುದರೊಳಗೆ
ಯಾರಾದರೊಬ್ಬರು ಮುಂದಿನ ಪುಟ
ಹೇಳಿಯೇ ಬಿಟ್ಟಿರುತ್ತಾರೆ.

ಇವತ್ತು ಕಾಗೆಯ ಪುಸ್ತಕ.
ಪುಟಕ್ಕೊಂದೇ ಸಾಲು, ಸಾಲಿನಡಿ ನನ್ನ ಬೆರಳು.
ಇದು ಯಾರು?
ಕಕ್ಕೆ, ಅಂದಳು ಪುರಂದರನ ಮಗಳು.
ಕಾಕ್ಕ, ಅಂದ ಮಿಸ್ರಿಯಾಳ ಮಡಿಲಿನ ಇಝಾನ್.
ಕಾಯ್ಳೊ, ಅಂತ ಕಪಾಟಿನ ಹಿಂದಿನಿಂದ ಒಂದು ನಾಚಿಕೆ.
ಎರಡನೇ ಕ್ಲಾಸಿನ ಅಕ್ಕನೊಬ್ಬಳು ಎದ್ದು ನಿಂತು ತಿದ್ದಿದಳು:
"ಕಾಗೆ ಅನ್ನಬೇಕು. ಟೀಚರ್ ಬೈತಾರೆ."
ಬೈಯಲು ನಾನು ಟೀಚರಲ್ಲ,
ತಿಂಗಳ ಗೌರವಧನದ, ಬೀಗದ ಕೈಯ ಹೆಂಗಸು.
ಸ್ಲೇಟಿನಲ್ಲಿ 'ಕ' ಎಂದಷ್ಟೇ ಬರೆದು ಎತ್ತಿ ಹಿಡಿದೆ.
ನಾಲ್ಕು ಮನೆಯ ಹಕ್ಕಿಗಳೂ ಬಂದು
ಅದೇ ಕೊಂಬೆಯಲ್ಲಿ ಕೂತವು.
ಹೊರಗೆ ತೆಂಗಿನ ಗರಿಯ ಮೇಲಿದ್ದದ್ದು ಮಾತ್ರ
ತಾನು ಯಾವ ಮನೆಯದೆಂದು ಹೇಳದೆ
ಕೂಗಿ ಹೋಯಿತು.

ಕೊರಪೊಳಜ್ಜಿ ಅಕ್ಷರ ಬಾರದೆಂದು
ಮೂರು ಶನಿವಾರ ಮೆಟ್ಟಿಲಲ್ಲೇ ಕೂತು ಬೀಡಿ ಸುತ್ತಿದವಳು.
ಇವತ್ತು ಮೊರ ಕೆಳಗಿಟ್ಟು ಒಳಗೆ ಬಂದಳು,
ಮೊಮ್ಮಗನ ಮುಂದೆ ಪುಸ್ತಕ ಹಿಡಿದಳು, ತಲೆಕೆಳಗಾಗಿ.
ಸರಿಮಾಡಲೆಂದು ಚಾಚಿದ ಕೈ
ನಡುವೆಯೇ ನಿಂತಿತು. ಅವಳಾಗಲೇ ಶುರುಮಾಡಿದ್ದಳು:
"ನೋಡು ಮಗಾ, ಈ ಕಾಗೆ ಎಂತಕ್ಕೆ
ತಲೆ ಅಡಿಗೆ ಮಾಡಿ ಹಾರುವುದು ಗೊತ್ತುಂಟಾ?
ಅದರ ಬಾಯಿಯ ಬಂಗುಡೆ
ಜಾರಿ ಆಕಾಶಕ್ಕೆ ಬಿದ್ದಿದೆ."

ಆಕಾಶಕ್ಕೆ!
ಚಾಪೆಯ ಕತ್ತುಗಳೆಲ್ಲ ಓರೆಯಾದವು.
ಪುಸ್ತಕ ತಿರುಗಿಸುವುದಕ್ಕಿಂತ
ನನ್ನ ತಲೆ ತಿರುಗಿಸುವುದು ಸುಲಭವಿತ್ತು.

ಪುರಂದರ ಕೊಯಿಪ್ಪಾಡಿಯ ಕಡಲಬದಿಯಲ್ಲಿ ಮೀನು ಹರಾಜು ಹಾಕುವವ.
"ನನಗೆ ಓದಿ ಹೇಳಲಿಕ್ಕೆ ಬರುವುದಿಲ್ಲ ಮೇಡಂ,
ಕೂಗಲಿಕ್ಕೆ ಮಾತ್ರ."
ಕೂಗಿ, ಅಂದೆ.
ಕಾಗೆ ಒಂದು ಸಾರಿ, ಕಾಗೆ ಎರಡು ಸಾರಿ,
ರೇಷನ್ನಿನ ಸಾಲೆಲ್ಲ ಮೇಲೆ ನೋಡುವಂತೆ ಕಾಗೆ ಮೂರು
ಎನ್ನುವಷ್ಟರಲ್ಲಿ
ಮಗಳು ಪುಟ ತಿರುಗಿಸಿ
ಕೊಂಡೇಬಿಟ್ಟಳು.

ಮಿಸ್ರಿಯಾ ಎಲ್ಲವನ್ನೂ ಫೋನಿನಲ್ಲಿ ಹಿಡಿದು
ಶಾರ್ಜಾಕ್ಕೆ ಕಳಿಸುತ್ತಾಳೆ.
ಹೋದ ವಾರ ರಾತ್ರಿ ಹನ್ನೊಂದಕ್ಕೆ ಅಲ್ಲಿಂದ ಉತ್ತರ ಬಂತಂತೆ:
ರೈಲು ಹೋದ ಮೇಲೆ ಏನಾಯಿತು?
ಅವಳಿಗೆ ನೆನಪಿರಲಿಲ್ಲ. ಆ ಪುಸ್ತಕವನ್ನೇ
ಇವತ್ತು ಮನೆಗೆ ಕೇಳಿ ಒಯ್ದಳು.
ಓದಿ ಹೇಳುವವಳು ಈಗ ಅವಳು,
ಕೇಳುವವರು ಇಬ್ಬರು,
ಒಬ್ಬನಿಗೆ ಮಾತ್ರ ಮೀಸೆ.

ಮಾರ್ಚಿನಲ್ಲಿ ತಾಲೂಕು ಸಮಿತಿಯವರು ಲೆಕ್ಕಕ್ಕೆ ಬಂದರು.
ಕಪಾಟಿನ ಮೇಲಿನ ಸಾಲು, ಚಿನ್ನದಕ್ಷರದ ಸಂಪುಟಗಳು
ಅಟ್ಟದ ದೇವರಂತೆ ಕ್ಷೇಮ.
ಕೆಳಗಿನ ಬುಟ್ಟಿಯಿಂದ ಕಾಗೆಯನ್ನೆತ್ತಿದರು ಎರಡೇ ಬೆರಳಲ್ಲಿ:
ರಟ್ಟು ಒದ್ದೆಯಾಗಿ ಉಬ್ಬಿದೆ, ಬೆನ್ನು ಬಿಟ್ಟಿದೆ,
ಮೂರನೇ ಪುಟದ ಮೂಲೆಯಲ್ಲಿ
ಹಲ್ಲಿನ ಗುರುತು,
ಮೇಲೆ ಎರಡು, ಕೆಳಗೆ ಎರಡು.

"ಇಲಿಯಾ?"
ಅಲ್ಲ ಸರ್. ಸದಸ್ಯ. ಒಂಬತ್ತು ತಿಂಗಳು.

"ಹಾನಿಗೆ ಕಾರಣ ಬರೆಯಬೇಕಲ್ಲ ಮಾರಾಯ್ರೆ, ಕಾಲಂ ಉಂಟು."
ರಿಜಿಸ್ಟರು ಎಳೆದುಕೊಂಡು ಬರೆದೆ:
ಓದು.

ಅವರು ಕನ್ನಡಕ ಮೇಲೇರಿಸಿದರು,
ನನ್ನನ್ನು ನೋಡಿದರು, ಕಾಗೆಯನ್ನು ನೋಡಿದರು.
ಸಹಿ ಹಾಕಬಹುದೋ ಬೇಡವೋ ಎಂದು
ಬಹಳ ಹೊತ್ತು ಯೋಚಿಸಿದರು,
ಪೆನ್ನಿನ ತುದಿ ಕಚ್ಚುತ್ತಾ.